ಹಿಂದಿನ ಚಕ್ರಕ್ಕೆ ನಿಜವಾದ ತೂಕ

ಸೈಕಲ್ ಶಾಪ್ ಅಂಕಲ್‌ಗೆ ನಮಸ್ಕಾರ,

ನಿನ್ನೆ ಸ್ಪೋಕ್ ಮುರಿದ ರೋಡ್ ಬೈಕ್ ಬಿಟ್ಟುಹೋದ ಫಸ್ಟ್ ಇಯರ್ ಹುಡುಗ ನಾನು. ಹೊಸ ಚಕ್ರ ಕಟ್ಟಲು ನೀವು ತೂಕ ಕೇಳಿದಾಗ ಎಂಬತ್ತು ಕೆಜಿ ಎಂದೆ. ಅದು ಸುಳ್ಳು. ನನ್ನನ್ನು 'ರೋಡ್ ರೋಲರ್' ಎಂದು ಕರೆಯುವ ಹಾಸ್ಟೆಲ್ ಫ್ರೆಂಡ್ಸ್ ಪಕ್ಕದಲ್ಲೇ ಇದ್ದರು. ನಿಜವಾದ ತೂಕ ನೂರ ಹದಿನಾಲ್ಕು.

"ಹಾಗಾದ್ರೆ ಇಪ್ಪತ್ನಾಲ್ಕು ಕಡ್ಡಿ ಸಾಕು ಬಿಡಪ್ಪ" ಎಂದಿರಿ. ಆಗಿನಿಂದ ನನಗೆ ಊಟ ಸೇರುತ್ತಿಲ್ಲ. ಕಾಲೇಜಿನ ಇಳಿಜಾರಿನ ಕೆಳಗೇ ಬಸ್ಸುಗಳು ತಿರುಗುವ ಸರ್ಕಲ್ ಇದೆ. ಮೊನ್ನೆ ಸ್ಪೋಕ್ 'ಟಣ್' ಎಂದದ್ದು ಅಲ್ಲೇ.

ದಯವಿಟ್ಟು ಮೂವತ್ತಾರು ಸ್ಪೋಕಿನ, ಗಟ್ಟಿ ರಿಮ್ಮಿನ ಚಕ್ರವನ್ನೇ ಕಟ್ಟಿ. ದಪ್ಪ ಟೈರ್ ಹಾಕಿ. ಸ್ಪೀಡ್ ಕಮ್ಮಿಯಾದರೆ ಆಗಲಿ.

ಶನಿವಾರ ಸೈಕಲ್ ತೆಗೆದುಕೊಳ್ಳಲು ನನ್ನ ಜೊತೆ ಆ ಫ್ರೆಂಡ್ಸೂ ಬರುತ್ತಾರೆ. ಇಷ್ಟೊಂದು ಸ್ಪೋಕ್ ಯಾಕೆ ಎಂದು ಕೇಳಿದರೆ, ಈ ಊರಿನ ರಸ್ತೆ ಸರಿಯಿಲ್ಲ ಎಂದುಬಿಡಿ ಅಂಕಲ್.

ಇಂತಿ,
ನೀಲಿ ಸೈಕಲ್‌ನವನು