ಹಕ್ಕಿ ಕೂತ ಕಲ್ಲು

ಬೀಳಗಿ
18 ಮೇ 2026, ಸೋಮವಾರ

ಸೌಭಾಗ್ಯವತಿ ಪದ್ಮವ್ವನಿಗೆ,

ಹಿನ್ನೀರು ನಮ್ಮ ಹಳೇ ಊರಿನ, ಸತ್ತವರಿಗೆ ಮಣ್ಣು ಕೊಡುವ ದಿನ್ನೆಯಿಂದ ಕೆಳಗೆ ಇಳಿದಿದೆ. ಮೊದಲು ನೋಡಿ ಹೇಳಿದವನು ಮೀನು ಹಿಡಿಯುವ ವಿಠೋಬಾ. ನಿನ್ನೆ ನಾನೂ ಹೋಗಿ ನೋಡಿ ಬಂದೆ. ಊರು ಮುಳುಗಿದ ಮೇಲೆ ನೀರು ಅಷ್ಟು ಕೆಳಗೆ ಹೋದದ್ದು ಇದೇ ಮೊದಲು.

ನಾನು ಕ್ಷೇಮ. ನೀನು ಮಗಳ ಬಾಣಂತನಕ್ಕೆಂದು ಚಿಮ್ಮಡಕ್ಕೆ ಹೋದಾಗಿನಿಂದ ಅಡುಗೆ ನನ್ನದೇ, ರೊಟ್ಟಿ ಇನ್ನೂ ದುಂಡಗಾಗಿಲ್ಲ. ಬರೆಯುವುದು ತಡವಾಯಿತು, ಸಿಟ್ಟಾಗಬೇಡ. ನಿನ್ನೆ ಸಂಜೆ ಫೋನಿನಲ್ಲೇ ಹೇಳಬೇಕೆಂದಿದ್ದೆ. ಮಾಲಾ, "ಸ್ಪೀಕರ್ ಹಚ್ಚೀನಪ್ಪಾ, ಎಲ್ಲಾರೂ ಕೇಳಾಕತ್ತಾರ" ಅಂದಳು. ಬೀಗರ ಮನೆಯವರೆಲ್ಲ ಕೂತಿರುವಾಗ ತೀರಿಹೋದ ನಮ್ಮ ಮಾಳೂನ ಮಾತು ಎತ್ತಲಾಗಲಿಲ್ಲ. ಈ ಕಾಗದವನ್ನು ನೀನೊಬ್ಬಳೇ ಓದು.

ಕೂಸಿನ ತೊಟ್ಟಿಲ ಕಾರ್ಯ ಜೂನ್ ಹನ್ನೆರಡಕ್ಕೆ. ತನ್ನ ಅಣ್ಣ ಮಾಳೂನ ಹೆಸರೇ ಇಡಬೇಕೆಂದು ಮಾಲಾಳ ಆಸೆ. ಅವಳು ಅವನನ್ನು ನೋಡಿಯೇ ಇಲ್ಲ. ಜ್ವರದಲ್ಲಿ ಹೋದಾಗ ಅವನಿಗೆ ಮೂರು ತುಂಬಿರಲಿಲ್ಲ, ಇವಳು ಹುಟ್ಟಿರಲಿಲ್ಲ. ನೀನು ಅಂದದ್ದು ನನ್ನ ಕಿವಿಯಲ್ಲಿ ಹಾಗೇ ಇದೆ: "ಮಾಳು ಅನ್ನೂದು ಅವನ ಹೆಸರ. ಅವನ್ನ ಕೇಳದ ಇನ್ನೊಬ್ಬಗ ಹೆಂಗ ಕೊಡೂದ್ರಿ? ಹೋಗಿ ನೀರಿನ ದಂಡಿಗೆ ಒಂದ್ ತಂಬಿಗಿ ಹಾಲ ಎರದು ಕೇಳಿ ಬರ್ರಿ." ಅದಕ್ಕೇ ಹೋದದ್ದು.

ದಂಡೆಗೆ ಜಮಖಂಡಿಯಿಂದ ಹಕ್ಕಿ ಎಣಿಸುವವರು ಬಂದಿದ್ದರು. ಅವರ ಮುಂದಾಳು ನೇತ್ರಾ ರಬಕವಿಯ ನೇಕಾರರ ಮನೆಯ ಹುಡುಗಿ, ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಕೆಸರಿನಲ್ಲಿ ಎಲ್ಲಿ ಕಾಲಿಡಬೇಕೆಂದು ತೋರಿಸಲು ವಿಠೋಬಾ ಇದ್ದ. ಅವರಿಬ್ಬರ ಹಿಂದೆ ನಾನು ಹೊರಟೆ. ನನ್ನ ಕೈಯ ತಂಬಿಗೆ ನೋಡಿ ವಿಠೋಬಾ, "ಏನಲೇ ಅಮಸಿದ್ದ, ದಿನಾ ಮನಿಮನಿಗೆ ಪೇಪರ್ ಹಾಕ್ತಿ, ಇವತ್ತ ಹಕ್ಕಿಗೋಳಿಗೆ ಹಾಲ ಹಾಕಾಂವ ಏನ?" ಎಂದು ನಕ್ಕ. ಎಲ್ಲಿಗೆಂದು ಹೇಳಿದೆ. ಸ್ವಲ್ಪ ದೂರ ತಂಬಿಗೆಯನ್ನು ತಾನೇ ಹಿಡಿದ.

ಬಹಳ ದಾರಿಯಿಲ್ಲ. ಬಿರಿದ ಕೆಸರು, ಚಿಪ್ಪು, ಗೋಡೆಗಳ ಬುಡ. ನಮ್ಮ ಹಿತ್ತಲ ಒರಳು ಇದ್ದಲ್ಲೇ ಇದೆ. ಅದರಲ್ಲಿ ನಿಂತ ನೀರಿನಲ್ಲಿ ಸಣ್ಣ ಮೀನುಗಳು ಆಡುತ್ತಿದ್ದವು. ಆಚೆ ರಾಜಹಂಸಗಳು ತಲೆ ಬಗ್ಗಿಸಿ ಮೇಯುತ್ತಿದ್ದವು. ನನ್ನ ಬೆನ್ನ ಹಿಂದೆ ಕೆಸರಿನಲ್ಲಿ ಪುಟ್ಟ ಹೆಜ್ಜೆಯಂಥ ಪಚಪಚ ಸಪ್ಪಳ ಬರುತ್ತಿತ್ತು. ಅವರಿಬ್ಬರೂ ಮುಂದಿದ್ದರು. ತಿರುಗಿ ನೋಡಿದೆ. ನನ್ನ ಹೆಜ್ಜೆಗಳಲ್ಲಿ ನೀರು ಒಸರುತ್ತಿತ್ತು, ಬೇರೇನೂ ಇರಲಿಲ್ಲ. ಸಪ್ಪಳಕ್ಕೆ ಕಾರಣ ಅದೇ ಎಂದುಕೊಂಡೆ. ಆದರೂ ನಡಿಗೆ ನಿಧಾನ ಮಾಡಿದೆ.

ಊರು ಬಿಡುವಾಗ ಬೀರಪ್ಪನನ್ನು ಡೊಳ್ಳು ಬಾರಿಸಿ ಹೊಸ ಊರಿಗೆ ತಂದೆವು. ಮಣ್ಣಲ್ಲಿಟ್ಟವರನ್ನು ಅಲ್ಲೇ ಬಿಟ್ಟು ಬಂದೆವು. ಅವರ ಕಲ್ಲುಗಳು ಈಗ ಹೊರಗೆ ನಿಂತಿವೆ. ಮಾಳೂನ ಕಲ್ಲು ಸಿಕ್ಕಿತು. ಹಾಲು ಎರೆಯಲು ಬಗ್ಗಿದೆ. ಒಂದು ಬಿಳಿ ಹಕ್ಕಿ ಚೀರುತ್ತ ತಲೆಯ ಮೇಲೆ ಎರಗಿತು, ರುಮಾಲು ಕೆಳಗೆ ಬಿತ್ತು.

"ಕಾಕಾ, ಅಲ್ಲೇ ನಿಂದರ್ರಿ!" ನೇತ್ರಾ ಕೂಗಿದಳು. "ಅದು ರೀವ ಅನ್ನೂ ಹಕ್ಕಿ. ಕಲ್ಲಿನ ಬುಡಕ್ಕ ತತ್ತಿ ಅದಾವ ನೋಡ್ರಿ."

ಮಣ್ಣಿನ ಬಣ್ಣದ ಮೂರು ಮೊಟ್ಟೆ. ಗೂಡಿಲ್ಲ, ಬರಿಯ ತಗ್ಗು.

"ಹಾಲ ಎರದ ಬಂದಬಿಡ್ತೀನವಾ, ಒಂದ ನಿಮಿಷ."

"ನಾವು ನಿಂತಷ್ಟು ಹೊತ್ತು ಅದು ಕೂಡ್ರೂದಿಲ್ರಿ. ಈ ಬಿಸಲಾಗ ತಾಯಿ ಎದ್ದ ಹೋದ್ರ ಒಳಗಿನ ಜೀವ ಬೆಂದ ಹೋಗತೈತಿ. ನೀವ ಹೇಳ್ರಿ, ಏನ್ ಮಾಡೂಣು?"

ಹಿಂದೆ ಸರಿದೆ. ದೂರ ಕೂತು ಅವಳ ದುರ್ಬೀನಿನಲ್ಲಿ ನೋಡಿದೆ. ರೀವ ನೀರಿಗಿಳಿದು ಹೊಟ್ಟೆ ತೋಯಿಸಿಕೊಂಡು ಬಂತು, ಹಸಿ ಹೊಟ್ಟೆಯಲ್ಲೇ ಮೊಟ್ಟೆಗಳ ಮೇಲೆ ಕೂತಿತು. ಮತ್ತೆ ಹೋಯಿತು, ಮತ್ತೆ ಬಂತು. ಮಾಳೂಗೆ ಜ್ವರ ಏರಿದಾಗ ನೀನು ಸೆರಗು ತೋಯಿಸಿ ಎದೆಯ ಮೇಲೆ ಹಾಕುತ್ತಿದ್ದೆ.

ಹಾಲನ್ನು ಹಾಗೇ ಮನೆಗೆ ತಂದೆ. ಒಡೆದಿತ್ತು.

ಮಾಲಾಳಿಗೂ ಕೂಸಿಗೂ ನನ್ನ ಆಶೀರ್ವಾದ. ಬೀರಪ್ಪ ಇಬ್ಬರನ್ನೂ ಕಾಯಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಹೆಸರಿನ ವಿಷಯಕ್ಕೆ ಈಗಲೇ ಹೂಂ ಅನ್ನಬೇಡ.

ನಿನ್ನ
ಅಮಸಿದ್ದಪ್ಪ

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಮಾಳೂನ ಕಲ್ಲು ಸಿಕ್ಕಿತು ಎಂದು ಮೇಲೆ ಬರೆದದ್ದು ಖಚಿತವಲ್ಲ. ಅವನ ಕಲ್ಲಿಗೆ ನಾನು ಕೊರೆದಿದ್ದ ಚಂದ್ರನ ಗುರುತು ಯಾವ ಕಲ್ಲಿನ ಮೇಲೂ ಇಲ್ಲ. ನೀರು ಎಲ್ಲವನ್ನೂ ಒಂದೇ ಥರ ಸವೆಸಿದೆ. ಸಣ್ಣ ಕಲ್ಲುಗಳೇ ಬಹಳ ಇವೆ. ನನ್ನ ಮಗ ಎಲ್ಲಿದ್ದಾನೆಂದು ನನಗೆ ಗುರುತು ಸಿಗಲಿಲ್ಲ, ಪದ್ಮಾ. ಸುಮ್ಮನೆ ಒಂದರ ಮುಂದೆ ಹೋಗಿ ನಿಂತೆ. ಅಲ್ಲಿ ಹಕ್ಕಿ ಇತ್ತು.

ಜೂನ್ ಏಳರೊಳಗೆ ಮರಿಗಳು ಹೊರಬಂದು ಅಲ್ಲಿಂದ ಸರಿದಿರುತ್ತವೆ ಎಂದು ನೇತ್ರಾ ಹೇಳಿದ್ದಾಳೆ. ಅಲ್ಲಿಯವರೆಗೆ ನೀರು ಏರಲಿಕ್ಕಿಲ್ಲ ಎನ್ನುವುದು ವಿಠೋಬಾನ ಮಾತು, ಅದಕ್ಕೆ ಖಾತ್ರಿಯಿಲ್ಲ. ಹಾಲು ಮಾರುವ ಕೆಂಪವ್ವನಿಗೆ ಒಂದು ಕೊಡ ಹಾಲು ಬೇಕೆಂದು ಹೇಳಿದ್ದೇನೆ. ಎಣಿಸುವವರ ಜೊತೆ ಹೋಗಿ ಸಣ್ಣ ಕಲ್ಲುಗಳಿಗೆಲ್ಲ ಎರೆದು ಅವನನ್ನು ಕೇಳುತ್ತೇನೆ. ಮುಂದಿನ ಹಕ್ಕಿ ಎಣಿಕೆ ಜೂನ್ ಏಳು, ಭಾನುವಾರ, ಬೆಳಿಗ್ಗೆ ಆರಕ್ಕೆ.