ಸಂಜೆ ಪಾಳಿಯ ಡಯಾಲಿಸಿಸ್ ಜರ್ಮನಿಗೆ ಹೋಗಿದೆ

ನರ್ಸುಗಳ ನೇಮಕಾತಿಯನ್ನೂ ಅವರ ವಿದೇಶಯಾನವನ್ನೂ ಒಂದೇ ಮೇಜಿನಿಂದ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನಮ್ಮ ಏರಿಯಾದ ಸರ್ಕಾರಿ ಆಸ್ಪತ್ರೆಯಲ್ಲಿ ಸಂಜೆ ಪಾಳಿಯ ಡಯಾಲಿಸಿಸ್ ನಿಂತು ಮೂರು ವಾರವಾಯಿತು. ಯಂತ್ರ ಕೆಟ್ಟಿಲ್ಲ. ನೀರಿದೆ, ಕರೆಂಟಿದೆ, ರೋಗಿಗಳಂತೂ ಧಾರಾಳವಾಗಿದ್ದಾರೆ. ಯಂತ್ರ ನಡೆಸುತ್ತಿದ್ದ ಅನಂತಲಕ್ಷ್ಮಿ ಸಿಸ್ಟರ್ ಮಾತ್ರ ಜರ್ಮನಿಯಲ್ಲಿದ್ದಾರೆ. ತಾವೇ ಶಾಲು ಹೊದಿಸಿ ಕಳಿಸಿದಿರಿ. ಸಮಾರಂಭವೂ ಡಯಾಲಿಸಿಸ್ ರೂಮಿನಲ್ಲೇ ನಡೆಯಿತು, ಏಕೆಂದರೆ ಇಡೀ ಆಸ್ಪತ್ರೆಯಲ್ಲಿ ಎಸಿ ಇರುವುದು ಅಲ್ಲೊಂದೇ ಕಡೆ. ಅವತ್ತಿನ ರೋಗಿಗಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಚಪ್ಪಾಳೆ ತಟ್ಟಿಸಲಾಯಿತು. ಅವರಲ್ಲಿ ನನ್ನ ಅಮ್ಮ ಇಂದ್ರಮ್ಮನೂ ಒಬ್ಬರು. “ನರ್ಸುಗಳು ಜಗತ್ತಿಗೆ ನಮ್ಮ ಕೊಡುಗೆ” ಎಂದಿರಿ. ಸೂಪರ್ ಸ್ಪೀಚ್ ಸಾರ್, ನಾನೂ ರೀಲ್ ಮಾಡಿ ಹಾಕಿದೆ. ಕೊಡುವ ಮುಂಚೆ ಮನೆಯಲ್ಲಿ ಇನ್ನೊಂದು ಉಳಿದಿದೆಯೇ ಎಂದು ನೋಡಬಾರದಿತ್ತೇ?

ಅಮ್ಮ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಾರೆ. ಹಗಲು ಕೆಲಸ, ವಾರಕ್ಕೆರಡು ಸಂಜೆ ಡಯಾಲಿಸಿಸ್. ಈಗ ಬೆಳಗಿನ ಪಾಳಿ ಮಾತ್ರ ಉಳಿದಿದೆ. ಸೂಪರ್‌ವೈಸರ್ ಉಗ್ರಪ್ಪನವರು ಹೇಳಿಬಿಟ್ಟರು: “ವಾರಕ್ಕೆ ಎರಡು ದಿನ ರಜಾ ಅಂದ್ರೆ ಲೈನ್ ನಿಂತೋಗತ್ತಮ್ಮ. ಈ ತಿಂಗಳು ಸುಮ್ನಿರ್ತೀನಿ, ಆಮೇಲೆ ನನ್ ಕೈಲಿಲ್ಲ.” ಹೆದರಿದ ಅಮ್ಮ ಕಳೆದ ವಾರ ಒಂದು ಡಯಾಲಿಸಿಸ್ ಬಿಟ್ಟರು. ಕಾಲು ಊದಿ ಚಪ್ಪಲಿ ಹಿಡಿಸುತ್ತಿಲ್ಲ. “ಏನಾಗಲ್ಲ ಬಿಡೇ, ನೀನು ಓದ್ಕೋ” ಅನ್ನುತ್ತಾರೆ. ನಾನು ಓದುತ್ತಿರುವುದೇ ನರ್ಸಿಂಗ್!

ಸಿಟ್ಟಿನಲ್ಲಿ ಹಾಸ್ಟೆಲಿನಿಂದ ಸಿಸ್ಟರಿಗೇ ವಾಟ್ಸಾಪ್ ಕಾಲ್ ಮಾಡಿದೆ. “ಒಂಬತ್ತು ವರ್ಷ ಕಾಂಟ್ರಾಕ್ಟು ಕಣೇ. ಪರ್ಮನೆಂಟ್ ಕೇಳ್ಬಾರ್ದು ಅಂತ ಹನ್ನೊಂದು ತಿಂಗಳಿಗೊಂದ್ಸಲ ಒಂದಿನ ಬ್ರೇಕ್ ಅಂತ ತೆಗ್ದು ಮತ್ತೆ ಸೇರಿಸ್ಕೊಳ್ಳೋರು. ಆ ದಿನಾನೂ ಸೈನ್ ಇಲ್ದೆ ಬಂದು ಕೆಲ್ಸ ಮಾಡ್ತಿದ್ದೆ. ನಿಮ್ಮಮ್ಮನ ಡಯಾಲಿಸಿಸ್‌ಗೆ ಬ್ರೇಕ್ ಕೊಡಕ್ಕಾಗತ್ತಾ?” ಬೈಯಲು ಕಾಲ್ ಮಾಡಿದವಳು ಫೋನಿಟ್ಟು ತಮಗೆ ಈ ಪತ್ರ ಬರೆಯಲು ಕೂತೆ.

ಇದನ್ನು ಪ್ರತಿಭಾ ಪಲಾಯನ ಎಂದು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ. ಒಂಬತ್ತು ಸಲ ತಾವು ಹೊರಗಟ್ಟಿದವರನ್ನು ಜರ್ಮನಿ ಒಂದೇ ಸಲಕ್ಕೆ ಒಳಗೆ ಕರೆಯಿತು. ಪಲಾಯನ ಮಾಡಿದ್ದು ಯಾರು ಸಾರ್, ಸಿಸ್ಟರೋ, ತಮ್ಮ ಜವಾಬ್ದಾರಿಯೋ?

ನಮ್ಮ ಕಾಲೇಜಿನಲ್ಲಿ ಈಗ ಜರ್ಮನ್ ಕ್ಲಾಸ್ ಕಡ್ಡಾಯ. ಡಯಾಲಿಸಿಸ್ ಕಲಿಸಬೇಕಾದ ಮೇಡಂ ಕೂಡ ಜರ್ಮನಿಗೇ ಹೋಗಿಬಿಟ್ಟರು. ನೋವಿದೆಯೇ ಎಂದು ಜರ್ಮನ್ನಿನಲ್ಲಿ ಕೇಳಬಲ್ಲೆ, ಅಮ್ಮನಿಗೆ ಸೂಜಿ ಹಾಕಲಾರೆ.

ಹೊರಟವರನ್ನು ತಡೆಯಬೇಡಿ, ನಾಳೆ ನಾನೂ ಹೊರಡಬಹುದು. ಸಂಜೆ ಪಾಳಿಗೆ ಒಬ್ಬ ಖಾಯಂ ನರ್ಸನ್ನು ಈ ತಿಂಗಳೊಳಗೆ ನೇಮಿಸಿ. ಉಗ್ರಪ್ಪನವರ ಗಡುವು ಮೂವತ್ತನೇ ತಾರೀಖು. ಅಮ್ಮನ ದೇಹ ತನ್ನ ಗಡುವನ್ನು ಇನ್ನೂ ಹೇಳಿಲ್ಲ.

ಇಂತಿ,
ಹೋಗಲೂ ಇರಲೂ ಹೆದರುವ
ರಮ್ಯ
ಪ್ರಥಮ ವರ್ಷ ನರ್ಸಿಂಗ್, ಬಸವೇಶ್ವರನಗರ