ಭೂತ ಬಂದರೂ ದೀಪ ಆರಿಸುವವರು

ಅಕ್ಕಾ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ವಿಚಾರಣೆ.

ಝೆರಾಕ್ಸ್ ಅಂಗಡಿಯ ಕೆಲಸದ ನಡುವೆ ನಾನು ಮೊದಲ ವಿಡಿಯೋ ಗೇಮ್ ಮಾಡಿದಾಗ ನೀನು ಪಕ್ಕದಲ್ಲೇ ಇದ್ದೆ. ಓದಿದ್ದು ಛಂದಸ್ಸು, ಮಾಡಹೊರಟದ್ದು ಸರ್ಕಸ್ಸು. ಕಲಿಸಲು ಗುರುವಿಲ್ಲ, ಇಂಗ್ಲಿಷ್ ಪಾಠ ಓದಲು ನಿಘಂಟೇ ಗತಿ. ಗೋಡೆ ಬಿಡಿಸಿದರೆ ಸಾಲದು, ಅದು ತಡೆಯಬೇಕೆಂದು ಕಂಪ್ಯೂಟರಿಗೆ ಬೇರೆಯಾಗಿ ಹೇಳಬೇಕೆಂಬುದೂ ನನಗೆ ಗೊತ್ತಿರಲಿಲ್ಲ. ನನ್ನ ನಾಯಕ ಗೋಡೆಯೊಳಗೆ ನುಗ್ಗಿ ಆಚೆ ಹೋಗಿಯೇಬಿಟ್ಟ. "ಥೇಟ್ ನೀನೇ ಕಣೋ, ಅಡ್ಡ ಇರೋದು ಇವನಿಗೂ ಕಾಣಲ್ಲ," ಎಂದು ನೀನು ನಕ್ಕೆ.

ಅದನ್ನು ಯಾರೂ ಮೂಸಿ ನೋಡಲಿಲ್ಲ. ಎರಡನೆಯದಕ್ಕೆ ಒಬ್ಬ ಅಪರಿಚಿತ ಸಿಕ್ಕ, 'ಗೂಬೆಮರಿ' ಎಂಬ ಅಡ್ಡಹೆಸರಿನವನು. "ಚೆನ್ನಾಗಿದೆ, ಇನ್ನೊಂದು ಮಾಡಿ," ಎಂದು ಬರೆದ. ಆ ಮಾತು ನಂಬಿ ಅಂಗಡಿ ಬಿಟ್ಟೆ. ಅಂದಿನಿಂದ ನನ್ನ ಪ್ರತಿ ಆಟವನ್ನೂ ಮೊದಲು ಮುಗಿಸುವವನು ಅವನೇ.

ಯಾರು ಎಲ್ಲಿ ಸೋತರು, ಎಲ್ಲಿ ತಡವರಿಸಿದರು ಎಂಬುದು ನನಗೆ ತಲುಪುವ ಏರ್ಪಾಟು ಆಟದಲ್ಲೇ ಇರುತ್ತದೆ. ಈಚೆಗೆ ನನ್ನ ಭೂತದ ಮನೆಯ ಆಟದ ಅಂಥ ವರದಿ ನೋಡುತ್ತಿದ್ದೆ. ಗೂಬೆಮರಿ ಪ್ರತಿ ಕೋಣೆ ಬಿಡುವಾಗಲೂ ಹಿಂತಿರುಗಿ ಬಂದು ದೀಪ ಆರಿಸಿದ್ದಾನೆ. ಅದಕ್ಕೆ ಅಂಕವಿಲ್ಲ, ಬಹುಮಾನವಿಲ್ಲ, ಮೇಲಾಗಿ ಬೆನ್ನ ಹಿಂದೆ ಭೂತ! ಭೂತ ಬಂದರೂ ದೀಪ ಆರಿಸಿಯೇ ಓಡುವ ಜೀವ ಭೂಮಿಯ ಮೇಲೆ ಒಂದೇ ಎಂದು ನನ್ನ ಅಂದಾಜು.

ಅದು ನೀನೇ ಇರಬೇಕು. ಇಷ್ಟು ವರ್ಷ ನನ್ನನ್ನು ನಡೆಸಿದ್ದು ಅಪರಿಚಿತನ ಅಭಿಮಾನವೋ, ಅಕ್ಕನ ಅನುಕಂಪವೋ? ಎರಡನೆಯದಾದರೆ ಮರಳಿ ಝೆರಾಕ್ಸ್ ಅಂಗಡಿಗೇ ಎಂದು ನಿಶ್ಚಯಿಸಿ ಬಲೆ ಬೀಸಿದೆ. ಹೊಸ ಆಟದ ಕೊನೆಯ ಕೋಣೆಯ ದೀಪಕ್ಕೆ ಸ್ವಿಚ್ಚೇ ಇಡಲಿಲ್ಲ.

ಇವತ್ತು ಬೆಳಿಗ್ಗೆ ಗೂಬೆಮರಿಯ ದೂರು ಬಂತು: "ಕೊನೇ ರೂಮಿನ ಲೈಟು ಆರಲ್ಲ. ನಿಮ್ಮ ತಾತ ಕಟ್ತಾನಾ ಕರೆಂಟ್ ಬಿಲ್ಲು?"

ನಾನು ಬಚ್ಚಲಿನ ಲೈಟು ಮರೆತಾಗಲೆಲ್ಲ, ನಿನಗೂ ತಾತನೇ ಆಗಬೇಕಾದ ಆ ಬಡಪಾಯಿಯನ್ನು ಎಳೆದು ತರುತ್ತಿದ್ದವಳು ಯಾರಕ್ಕಾ?

ಸಿಟ್ಟಿನ ಕಾಗದ ಬರೆಯಲೆಂದೇ ಕೂತೆ. ಸಾಕ್ಷಿಗೆಂದು ಗೂಬೆಮರಿ ಆಡಿದ್ದರ ಹಳೆಯ ದಾಖಲೆಗಳನ್ನೆಲ್ಲ ಕೆದಕಿದೆ. ಅಲ್ಲೇ ನನ್ನ ಕೇಸು ಕೆಟ್ಟಿತು. ನನ್ನ ಎರಡನೆಯ ಆಟದಲ್ಲಿ ತೆವಳಿ ದಾಟಬೇಕಾದ ತೂಗುಸೇತುವೆಯೊಂದಿದೆಯಲ್ಲ, ಅದನ್ನು ಓಡಿಯೇ ದಾಟುತ್ತೇನೆಂದು ನೀನು ಬಿದ್ದದ್ದಕ್ಕೆ ಲೆಕ್ಕವಿಲ್ಲ. ಆಟ ಮುಗಿಸಿ, ನನ್ನನ್ನು ಹೊಗಳಿ, ಎಲ್ಲ ಆದ ಮೇಲೂ ಮರಳಿ ಮರಳಿ ಬಂದು ಬಿದ್ದಿದ್ದೀಯ. ಮೊನ್ನೆಯೂ ಬಿದ್ದಿದ್ದೀಯ! ಕನಿಕರಕ್ಕೆ ಹೊಗಳಬಹುದು. ಕನಿಕರಕ್ಕೆ ಯಾರೂ ಇಷ್ಟು ಹಟ ಹಿಡಿದು ಬೀಳುವುದಿಲ್ಲ.

ಅಂಗಡಿಗೆ ಹೋಗುತ್ತಿಲ್ಲ. ನೀನು ಒಪ್ಪಿಕೊಳ್ಳುವುದೂ ಬೇಡ. ಸ್ವಿಚ್ಚು ಹಾಕಿದ್ದೇನೆ, ಬಾಗಿಲ ಬಲಕ್ಕೆ, ಸರಿಯಾಗಿ ಭೂತ ನಿಲ್ಲುವ ಜಾಗದಲ್ಲಿ.

ಇನ್ನೊಂದು ಮಾತು. 'ಮುಳ್ಳುಹಂದಿ' ಎಂಬ ಆಟಗಾರನೊಬ್ಬ ಸೋತಾಗಲೆಲ್ಲ ತಪ್ಪು ಆಟದ್ದೇ ಎಂದು ವಾದಿಸಿ ಬರೆಯುತ್ತಾನೆ. ಭಾವ ಈಚೆಗೆ ಏನು ಮಾಡಿಕೊಂಡಿದ್ದಾರೆ?

ನೂರು ಕಾಲ ಬಾಳು, ಬಿದ್ದಲ್ಲೇ ಏಳು.

ನಿನ್ನ ಮೇಲೆ ಒಂದು ಕಣ್ಣಿಟ್ಟೇ ಇರುವ
ತಮ್ಮ